ಸಭೆಯಲ್ಲಿ ಮಾತು ದಾರಿ ತಪ್ಪದಿರಲು, ಹಳೇ ದೂರು ಸುತ್ತಿ ಸುತ್ತಿ ಬಾರದಿರಲು: ಫ್ಲ್ಯಾಟ್ ಸಂಘದವರಿಗೊಂದು ಸಮಗ್ರ ಮಾರ್ಗದರ್ಶಿ

ಮಂಗಳೂರಿನ ಯಾವುದಾದರೂ ಫ್ಲ್ಯಾಟ್ ಸಂಘದ ಮಹಾಸಭೆಗೆ ಹೋಗಿ ಕುಳಿತುಕೊಳ್ಳಿ. ಅಜೆಂಡಾದಲ್ಲಿ ಬೇಸಿಗೆಯ ಟ್ಯಾಂಕರ್ ನೀರಿನ ಖರ್ಚು ಇರುತ್ತದೆ. ಹತ್ತು ನಿಮಿಷ ಆಗುವಾಗ ಮಾತು ಎರಡು ವರ್ಷದ ಹಿಂದೆ ಹೊಡೆಸಿದ ಪೇಂಟಿಗೆ ಹೋಗಿರುತ್ತದೆ. "ಆ ಪೇಂಟು ಒಂದೇ ಮಳೆಗೆ ಎದ್ದು ಬಂತಲ್ಲ, ಅದಕ್ಕೆ ಯಾರು ಉತ್ತರ ಕೊಡ್ತಾರೆ ಮಾರಾಯ್ರೆ?" ಅಲ್ಲಿಂದ ವಾಚ್‌ಮನ್, ವಾಚ್‌ಮನ್‌ನಿಂದ ಪಾರ್ಕಿಂಗ್, ಪಾರ್ಕಿಂಗ್‌ನಿಂದ ನಾಲ್ಕನೇ ಮಾಳಿಗೆಯ ನಾಯಿ. ಹನ್ನೆರಡೂವರೆಗೆ ಎಲ್ಲರಿಗೂ ಹಸಿವು. ಟ್ಯಾಂಕರ್ ವಿಷಯ "ಕಮಿಟಿಯವರೇ ನೋಡಿಕೊಳ್ಳಲಿ" ಎಂದು ಮುಗಿಯುತ್ತದೆ. ಮುಂದಿನ ವರ್ಷ ಅದೇ ಜನ, ಅದೇ ಪೇಂಟು.

ನಾನು ಇಂಥ ಒಂದು ಸಂಘದ ಕಾರ್ಯದರ್ಶಿ ಕೆಲಸ ಮಾಡಿದವನು. ನನ್ನ ಅಭಿಪ್ರಾಯ ಒಂದೇ. ಒಂದು ದೂರು ಮತ್ತೆ ಮತ್ತೆ ಬರುತ್ತಿದೆ ಎಂದರೆ, ಹೆಚ್ಚಿನ ಸಲ ಅದನ್ನು ಯಾರೂ ಸರಿಯಾಗಿ ಬರೆದುಕೊಂಡಿಲ್ಲ, ಉತ್ತರ ಕೊಟ್ಟಿಲ್ಲ ಎಂದೇ ಅರ್ಥ. ಬಾಯಿ ಮುಚ್ಚಿಸುವ ಉಪಾಯ ಹುಡುಕುವ ಬದಲು ಪುಸ್ತಕ ಸರಿ ಇಟ್ಟರೆ ಅರ್ಧ ಗಲಾಟೆ ಕಡಿಮೆಯಾಗುತ್ತದೆ. ಉಳಿದ ಅರ್ಧಕ್ಕೆ ಮಾತ್ರ ಸ್ವಲ್ಪ ಗಟ್ಟಿ ದನಿ ಬೇಕು.

ಇಲ್ಲಿ ಉದಾಹರಣೆಗಳೆಲ್ಲ ಫ್ಲ್ಯಾಟ್‌ನವು. ಆದರೆ ಯುವಕ ಮಂಡಲ, ಭಜನಾ ಮಂಡಳಿ, ಹಾಲಿನ ಸೊಸೈಟಿ, ಶಾಲೆಯ ಹಳೇ ವಿದ್ಯಾರ್ಥಿ ಸಂಘ, ಎಲ್ಲಕ್ಕೂ ಇದೇ ಕ್ರಮ ನಡೆಯುತ್ತದೆ.

ಹಂತ 1: ದಿನ ನೋಡಿ ಇಡಿ

ಭಾನುವಾರ ಎಂದರೆ ಎಲ್ಲರೂ ಮನೆಯಲ್ಲಿರುತ್ತಾರೆ ಎನ್ನುವುದು ನಮ್ಮ ಊರಿನಲ್ಲಿ ಅರ್ಧ ಮಾತ್ರ ನಿಜ. ನವೆಂಬರ್ ಕಳೆದರೆ ಮದುವೆ, ಗೃಹಪ್ರವೇಶ, ದೈವದ ನೇಮ, ದೇವಸ್ಥಾನದ ಬ್ರಹ್ಮಕಲಶ ಶುರು. ಪತ್ತನಾಜೆವರೆಗೆ, ಅಂದರೆ ಮೇ ಕೊನೆಯ ವಾರದವರೆಗೆ, ಭಾನುವಾರಕ್ಕೆ ಎರಡೆರಡು ಆಮಂತ್ರಣ ಇರುತ್ತವೆ. ಅರ್ಧ ಜನ ತಡವಾಗಿ ಬರುತ್ತಾರೆ, ಇನ್ನರ್ಧ ಬೇಗ ಏಳುತ್ತಾರೆ. ತಡವಾಗಿ ಬಂದವರು ಆಗಲೇ ಮುಗಿದ ವಿಷಯವನ್ನೇ ಕೇಳುತ್ತಾರೆ. ಅವರ ತಪ್ಪಲ್ಲ, ಆದರೂ ಮಾತು ಮೊದಲಿನಿಂದ ಶುರುವಾಗುತ್ತದೆ.

ಆಟಿ ತಿಂಗಳು, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಶುಭ ಕಾರ್ಯ ಇರುವುದಿಲ್ಲ. ವಾರ್ಷಿಕ ಮಹಾಸಭೆಗೆ ನನ್ನ ಆಯ್ಕೆ ಅದೇ. ಮಾರ್ಚ್‌ನ ಲೆಕ್ಕ ಆಡಿಟ್ ಆಗಿ ಬಂದಿರುತ್ತದೆ. ಎಲ್ಲಿ ಸೋರುತ್ತದೆ ಎಂದು ಗೋಡೆಯೇ ತೋರಿಸುತ್ತಿರುತ್ತದೆ. ಜನರೂ ಸಿಗುತ್ತಾರೆ.

ದಿನ ಗೊತ್ತು ಮಾಡುವ ಮೊದಲು ನಿಮ್ಮ ಬೈಲಾ ಒಮ್ಮೆ ಓದಿ. ಕೆಲವು ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇವೆ, ಕೆಲವು 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ. ನೋಟೀಸ್ ಎಷ್ಟು ದಿನ ಮೊದಲು ಹೋಗಬೇಕು, ಕೋರಂಗೆ ಎಷ್ಟು ಜನ ಬೇಕು, ಬಾಡಿಗೆಯವರು ಮಾತಾಡಬಹುದಾ, ಊರಲ್ಲಿಲ್ಲದ ಮಾಲೀಕರ ಪರವಾಗಿ ಮತ ಹಾಕಬಹುದಾ ಎಂಬ ನಾಲ್ಕು ಸಾಲುಗಳಿಗೆ ಗುರುತು ಹಾಕಿ ಕೈಯಲ್ಲಿ ಇಟ್ಟುಕೊಳ್ಳಿ. ನಮ್ಮಲ್ಲಿ ದುಬೈ, ಮಸ್ಕತ್, ಮುಂಬಯಿಯಲ್ಲಿರುವ ಮಾಲೀಕರು ತುಂಬ. ಅವರ ಪರ ಅಣ್ಣನೋ ಮಾವನೋ ಬಂದು ಕುಳಿತಿರುತ್ತಾರೆ. ಸಭೆಯ ನಡುವೆ "ನಿಮಗೆ ಮಾತಾಡುವ ಹಕ್ಕುಂಟಾ?" ಎಂಬ ಪ್ರಶ್ನೆ ಎದ್ದರೆ ಅರ್ಧ ಗಂಟೆ ಹೋದ ಹಾಗೆಯೇ. ಇದನ್ನು ಬಾಗಿಲಲ್ಲಿ ಹಾಜರಿ ಸಹಿ ಹಾಕಿಸುವಾಗಲೇ ಮುಗಿಸಿ.

ಹಂತ 2: ಅಜೆಂಡಾವನ್ನು ಪ್ರಶ್ನೆಯಾಗಿ ಬರೆಯಿರಿ

"ನೀರಿನ ವಿಷಯ" ಎಂದು ಅಜೆಂಡಾದಲ್ಲಿ ಬರೆದರೆ ನೀರಿನ ಬಗ್ಗೆ ಯಾರು ಏನು ಹೇಳಿದರೂ ಅದು ವಿಷಯವೇ. ಊರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ಎಷ್ಟು ನೀರುಂಟು, 2019ರ ಬೇಸಿಗೆಯಲ್ಲಿ ರೇಷನಿಂಗ್ ಆದಾಗ ಎಷ್ಟು ಕಷ್ಟವಾಯಿತು, ಬಿಲ್ಡರ್ ಬೋರ್‌ವೆಲ್ ಎಲ್ಲಿ ತೆಗೆಸಬೇಕಿತ್ತು, ಎಲ್ಲವೂ ಬರುತ್ತದೆ. ಯಾರನ್ನೂ ತಡೆಯಲು ಆಗುವುದಿಲ್ಲ, ಏಕೆಂದರೆ ನೀವೇ ಬಾಗಿಲು ತೆರೆದಿಟ್ಟಿದ್ದೀರಿ.

ಅದನ್ನೇ ಹೀಗೆ ಬರೆಯಿರಿ: "ಏಪ್ರಿಲ್ ಮತ್ತು ಮೇ ತಿಂಗಳ ಟ್ಯಾಂಕರ್ ಖರ್ಚನ್ನು ಎಲ್ಲ ಫ್ಲ್ಯಾಟ್‌ಗಳಿಗೂ ಸಮನಾಗಿ ಹಂಚುವುದೋ, ಪ್ರತಿ ಫ್ಲ್ಯಾಟ್‌ಗೆ ಮೀಟರ್ ಹಾಕಿಸಿ ಬಳಸಿದಷ್ಟಕ್ಕೆ ಹಣ ತೆಗೆದುಕೊಳ್ಳುವುದೋ?" ಈಗ ಮಾತಿಗೊಂದು ಬೇಲಿ ಬಂತು. ಬೋರ್‌ವೆಲ್ ಕಥೆ ಶುರುವಾದರೆ ಅಧ್ಯಕ್ಷರು ಸುಮ್ನೆ ಕಾಗದ ತೋರಿಸಿ, "ಪ್ರಶ್ನೆ ಇದು. ನಿಮ್ಮ ಮತ ಮೀಟರಿಗೋ, ಸಮಪಾಲಿಗೋ?" ಎಂದು ಕೇಳಬಹುದು. ಉಡುಪಿಯವರು ತುಂಬೆಯ ಜಾಗದಲ್ಲಿ ಬಜೆ ಎಂದು ಓದಿಕೊಳ್ಳಿ, ಕಥೆ ಒಂದೇ.

ಪ್ರತಿ ಪ್ರಶ್ನೆಯ ಕೆಳಗೆ ಮೂರು ಸಾಲು ಮಾಹಿತಿ ಹಾಕಿ. ಕಳೆದ ವರ್ಷ ಎಷ್ಟು ಟ್ಯಾಂಕರ್ ಬಂತು, ಎಷ್ಟು ಹಣ ಹೋಯಿತು, ಮೀಟರಿಗೆ ಎಷ್ಟು ರೂಪಾಯಿಯ ಕೊಟೇಶನ್ ಬಂದಿದೆ. ಅಂಕಿ ಮೊದಲೇ ಮನೆಗೆ ತಲುಪಿದರೆ ಸಭೆಯಲ್ಲಿ ಅಂಕಿ ಕೇಳಿ ಸಿಟ್ಟಾಗುವ ಕೆಲಸ ಉಳಿಯುವುದಿಲ್ಲ. ಸಿಟ್ಟು ಬರುವುದಿದ್ದರೆ ಮನೆಯಲ್ಲೇ ಬಂದು ಸ್ವಲ್ಪ ತಣ್ಣಗಾಗಿರುತ್ತದೆ.

ಯಾವುದನ್ನು ಮೊದಲು ಇಡಬೇಕು? ಹಣ ಜಾಸ್ತಿ ಇರುವುದನ್ನು. ಸಿ. ನಾರ್ಥ್‌ಕೋಟ್ ಪಾರ್ಕಿನ್ಸನ್ ಎಂಬ ಇಂಗ್ಲಿಷ್ ಲೇಖಕ 1957ರಲ್ಲಿ ಒಂದು ಕಮಿಟಿಯ ತಮಾಷೆಯ ಕಥೆ ಬರೆದ. ಆ ಕಮಿಟಿ ಒಂದು ಕೋಟಿ ಪೌಂಡಿನ ಅಣು ಸ್ಥಾವರಕ್ಕೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಡುತ್ತದೆ. ಸೈಕಲ್ ನಿಲ್ಲಿಸುವ ಶೆಡ್ಡಿಗೆ ಮುಕ್ಕಾಲು ಗಂಟೆ ಜಗಳಾಡುತ್ತದೆ. ಸ್ಥಾವರ ಯಾರಿಗೂ ಅರ್ಥವಾಗಿಲ್ಲ, ಶೆಡ್ಡು ಎಲ್ಲರಿಗೂ ಅರ್ಥವಾಗುತ್ತದೆ. ನಮ್ಮ ಸಭೆಗಳೂ ಹೀಗೇ ಅಲ್ವಾ? ಲಿಫ್ಟಿನ ವಾರ್ಷಿಕ ಗುತ್ತಿಗೆ ಕಣ್ಣು ಮುಚ್ಚಿ ಪಾಸಾಗುತ್ತದೆ. ಸ್ವಾತಂತ್ರ್ಯ ದಿನಕ್ಕೆ ಲಡ್ಡು ತರಿಸುವುದೋ ಮೈಸೂರುಪಾಕೋ ಎಂಬುದಕ್ಕೆ ಎಲ್ಲರಿಗೂ ಅಭಿಪ್ರಾಯ ಉಂಟು. ಹಾಗಾಗಿ ದೊಡ್ಡದು ಮೊದಲು, ತಲೆ ಚುರುಕಾಗಿರುವಾಗ. ಲಡ್ಡು ಕೊನೆಗೆ. ಹಸಿವಾದಾಗ ಅದು ತನ್ನಷ್ಟಕ್ಕೆ ಬೇಗ ಮುಗಿಯುತ್ತದೆ.

ಒಂದು ಸಭೆಗೆ ನಿರ್ಧಾರ ಬೇಕಾದ ಪ್ರಶ್ನೆ ಮೂರು, ಜಾಸ್ತಿ ಎಂದರೆ ನಾಲ್ಕು.

ಹಂತ 3: ದೂರಿಗೊಂದು ಪುಸ್ತಕ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡುವುದಾದರೆ ಇದನ್ನು ಮಾಡಿ. ಒಂದು ಉದ್ದದ ರಿಜಿಸ್ಟರ್ ತನ್ನಿ. ಪುಟಗಳಿಗೆ ನಂಬರ್ ಹಾಕಿ. ಐದು ಕಾಲಂ ಎಳೆಯಿರಿ: ದೂರು ಬಂದ ದಿನ, ದೂರು ಅವರದೇ ಮಾತಿನಲ್ಲಿ, ಕಮಿಟಿಯ ಉತ್ತರ, ಯಾರು ಯಾವಾಗ ಮಾಡುತ್ತಾರೆ, ಮತ್ತೆ ಯಾವಾಗ ತೆರೆಯಬಹುದು.

"ಅವರದೇ ಮಾತಿನಲ್ಲಿ" ಎಂಬುದು ಮುಖ್ಯ. ಒಬ್ಬರು "ಪೇಂಟಿನ ಕಂಟ್ರಾಕ್ಟರ್ ಕಮಿಟಿಯವರ ಪರಿಚಯದವ, ಮೂರು ಕೊಟೇಶನ್ ತೆಗೆದದ್ದೇ ಸುಳ್ಳು" ಎಂದರು ಎಂದುಕೊಳ್ಳಿ. ಕಾರ್ಯದರ್ಶಿ ಅದನ್ನು "ಪೇಂಟಿಂಗ್ ಗುಣಮಟ್ಟದ ಬಗ್ಗೆ ಅಸಮಾಧಾನ" ಎಂದು ನಯವಾಗಿ ಬರೆದರೆ ಆ ದೂರು ಸತ್ತಿಲ್ಲ. ಅವರು ಕೇಳಿದ್ದು ಗುಣಮಟ್ಟವನ್ನಲ್ಲ, ಕೊಟೇಶನ್‌ಗಳನ್ನು. ಮುಂದಿನ ಸಭೆಯಲ್ಲಿ ಎದ್ದೇ ಏಳುತ್ತಾರೆ. ಬರೆದು, ಅಲ್ಲೇ ಓದಿ ಹೇಳಿ, "ಸರಿ ಉಂಟಾ?" ಎಂದು ಕೇಳಿ. ಅವರು ಹೌದು ಎಂದ ಮೇಲೆ ಪೆನ್ನು ಕೆಳಗಿಡಿ.

ಮೇಲಿನ ದೂರನ್ನು ಹೀಗೆ ತುಂಬಬಹುದು. ಉತ್ತರ: ಮೂರು ಕೊಟೇಶನ್‌ಗಳ ಪ್ರತಿ ಆಫೀಸಿನ ಫೈಲಿನಲ್ಲಿವೆ, ಯಾವ ಸದಸ್ಯರೂ ನೋಡಬಹುದು. ಎರಡನೆಯವರ ದರ ಕಡಿಮೆ ಇತ್ತು, ಆದರೆ ವಾಟರ್‌ಪ್ರೂಫಿಂಗ್ ಸೇರಿರಲಿಲ್ಲ, ಅದಕ್ಕೆ ಬಿಟ್ಟೆವು. ಯಾರು ಯಾವಾಗ: ಕೋಶಾಧಿಕಾರಿಗಳು ಹದಿನೈದು ದಿನದೊಳಗೆ ನೋಟೀಸ್ ಬೋರ್ಡಿಗೆ ಪ್ರತಿ ಹಾಕುತ್ತಾರೆ. ಮತ್ತೆ ತೆರೆಯುವುದು: ಕೊಟೇಶನ್ ನೋಡಿದ ಮೇಲೆ ಹೊಸ ಪ್ರಶ್ನೆ ಇದ್ದರೆ, ಅಥವಾ ಮುಂದಿನ ಸಲ ಪೇಂಟ್ ಹೊಡೆಸುವ ಪ್ರಸ್ತಾಪ ಬಂದಾಗ.

ಕೊನೆಯ ಕಾಲಂ ಬಗ್ಗೆ ಎರಡು ಮಾತು. "ಇದು ಮುಗಿದ ಅಧ್ಯಾಯ" ಎಂದು ಹೇಳಿದರೆ ಯಾರಿಗಾದರೂ ಕೆರಳುತ್ತದೆ. "ಇಂಥದ್ದು ಆದಾಗ ಮತ್ತೆ ತೆರೆಯೋಣ" ಎಂದರೆ ಹಾಗಲ್ಲ. ಮಾತಾಡುವ ಹಕ್ಕು ಹೋಗಿಲ್ಲ, ಅದಕ್ಕೊಂದು ತಾರೀಕು ಸಿಕ್ಕಿದೆ. ಹೆಚ್ಚಿನವರಿಗೆ ಅಷ್ಟು ಸಾಕು. ತಾರೀಕು ಬಂದ ದಿನ ನೀವಾಗಿಯೇ ಅದನ್ನು ಎತ್ತಬೇಕು ಎಂಬುದು ಮಾತ್ರ ಮರೆಯಬಾರದು. ಒಮ್ಮೆ ತಪ್ಪಿಸಿದಿರೋ, ಪುಸ್ತಕದ ಮರ್ಯಾದೆ ಹೋಯಿತು.

ಉತ್ತರ "ಇಲ್ಲ" ಎಂದೂ ಆಗಿರಬಹುದು. "ಈ ವರ್ಷ ದುಡ್ಡಿಲ್ಲ, ಮಾಡುವುದಿಲ್ಲ" ಎಂಬ ಸ್ಪಷ್ಟ ಸಾಲು "ಪರಿಶೀಲಿಸಲಾಗುವುದು" ಎಂಬುದಕ್ಕಿಂತ ಎಷ್ಟೋ ಮೇಲು. ಪರಿಶೀಲಿಸಲಾಗುವುದು ಎಂದು ಬರೆದ ದೂರು ಪ್ರತಿ ವರ್ಷ ಎದ್ದು ಬರುವುದು ಗ್ಯಾರಂಟಿ.

ರಿಜಿಸ್ಟರ್ ವಾಚ್‌ಮನ್ ಮೇಜಿನ ಮೇಲೆ ಇರಲಿ. ಕಾರ್ಯದರ್ಶಿಯ ಕಪಾಟಿನಲ್ಲಿ ಬೀಗ ಹಾಕಿ ಇಟ್ಟರೆ ಪ್ರಯೋಜನ ಇಲ್ಲ.

ಹಂತ 4: ಮಾತಿನ ನಿಯಮವನ್ನು ಸಭೆಯೇ ಒಪ್ಪಲಿ

ಸಭೆ ಶುರುವಾದ ಕೂಡಲೇ, ವರದಿ ವಾಚನಕ್ಕೂ ಮೊದಲು, ಎರಡು ನಿಯಮ ಓದಿ ಕೈ ಎತ್ತಿಸಿ ಪಾಸು ಮಾಡಿಸಿಕೊಳ್ಳಿ. ಒಂದು: ಒಂದು ಪ್ರಶ್ನೆಯ ಮೇಲೆ ಒಬ್ಬರಿಗೆ ಎರಡು ಸಲ ಅವಕಾಶ, ಸಲಕ್ಕೆ ಮೂರು ನಿಮಿಷ. ಎರಡು: ಇನ್ನೂ ಮಾತಾಡದವರು ಕೈ ಎತ್ತಿದ್ದರೆ, ಒಮ್ಮೆ ಮಾತಾಡಿದವರು ಕಾಯಬೇಕು.

ಇದು ನನ್ನ ಆವಿಷ್ಕಾರ ಅಲ್ಲ. ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಅಮೆರಿಕದ ಸೇನೆಯ ಎಂಜಿನಿಯರ್ 1876ರಲ್ಲಿ ಸಭೆ ನಡೆಸುವ ನಿಯಮಗಳ ಪುಸ್ತಕ ತಂದ. ಅದರಲ್ಲಿ ಒಂದು ಪ್ರಸ್ತಾಪದ ಮೇಲೆ ಒಬ್ಬ ಸದಸ್ಯನಿಗೆ ಒಂದು ದಿನ ಎರಡೇ ಸಲ, ಸಲಕ್ಕೆ ಹತ್ತು ನಿಮಿಷ ಎಂಬ ಲೆಕ್ಕ ಇದೆ. ಹತ್ತು ನಿಮಿಷ ನಮಗೆ ತುಂಬ ಜಾಸ್ತಿ. ನಲವತ್ತು ಮನೆಯ ಸಂಘದಲ್ಲಿ ಮೂರು ನಿಮಿಷ ಧಾರಾಳ ಸಾಕು.

"ಇದೆಂಥ ಶಾಲೆಯಾ?" ಎಂದು ಯಾರಾದರೂ ಕೇಳಿದರೆ ಲೋಕಸಭೆಯ ನಿಯಮ 356 ಹೇಳಿ. ವಿಷಯಕ್ಕೆ ಸಂಬಂಧವಿಲ್ಲದ್ದನ್ನೇ ಹೇಳುತ್ತಿರುವ, ಅಥವಾ ತನ್ನದೋ ಬೇರೆಯವರದೋ ವಾದವನ್ನು ಬೇಸರ ಬರುವಷ್ಟು ಸಲ ಹೇಳುವ ಸದಸ್ಯರ ನಡೆಯನ್ನು ಸ್ಪೀಕರ್ ಮೊದಲು ಸದನದ ಗಮನಕ್ಕೆ ತರಬಹುದು, ಆಮೇಲೆ ಮಾತು ನಿಲ್ಲಿಸಲು ಹೇಳಬಹುದು. ಕಾರ್ಕಳ ತಾಲೂಕಿನ ಕೌಡೂರಿನಲ್ಲಿ ಹುಟ್ಟಿ, ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದ ಕೆ.ಎಸ್. ಹೆಗ್ಡೆಯವರು 1977ರಲ್ಲಿ ಕುಳಿತದ್ದು ಅದೇ ಸ್ಪೀಕರ್ ಕುರ್ಚಿಯಲ್ಲಿ. ದೇಶದ ದೊಡ್ಡ ಸಭೆಗೇ ಬೇಕಾದ ನಿಯಮ ನಮ್ಮ ಫ್ಲ್ಯಾಟಿನ ಸಭೆಗೆ ಅವಮಾನ ಹೇಗಾಗುತ್ತದೆ? ಆ ನಿಯಮದ ಕ್ರಮವನ್ನೂ ಗಮನಿಸಿ: ಮೊದಲು ಎಚ್ಚರಿಕೆ, ಆಮೇಲೆ ತಡೆ. "ಬೇರೆಯವರ ವಾದ" ಎಂಬ ಮಾತೂ ಉಪಯೋಗಕ್ಕೆ ಬರುತ್ತದೆ. ನಾಲ್ಕು ಜನ ಒಂದೇ ಮಾತನ್ನು ಸರದಿಯಲ್ಲಿ ಹೇಳುವುದೂ ಪುನರಾವರ್ತನೆಯೇ.

ಭಾಷೆಯ ವಿಷಯ ಬಿಡುವ ಹಾಗಿಲ್ಲ. ನಮ್ಮ ಸಭೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಇರುತ್ತವೆ. ಮಣಿಪಾಲದ ಕಡೆ ಹಿಂದಿ, ಮಲಯಾಳವೂ ಸೇರುತ್ತವೆ. ಯಾರು ಯಾವ ಭಾಷೆಯಲ್ಲಾದರೂ ಮಾತಾಡಲಿ. ಕಾರ್ಯದರ್ಶಿ ಅದರ ಸಾರವನ್ನು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಒಂದು ಸಾಲು ಹೇಳಿ ಮುಂದೆ ಹೋಗಲಿ. ಇಲ್ಲದಿದ್ದರೆ ತುಳುವಿನಲ್ಲಿ ಮುಗಿದ ಚರ್ಚೆ ಇನ್ನೊಂದು ಭಾಷೆಯಲ್ಲಿ ಹೊಸದಾಗಿ ಶುರುವಾಗುತ್ತದೆ.

ಹಂತ 5: ಅಧ್ಯಕ್ಷರ ಬಾಯಲ್ಲಿ ಇರಬೇಕಾದ ಮಾತುಗಳು

ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕುಳಿತು ಮಾತಾಡುವ ಯಕ್ಷಗಾನ, ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪಾತ್ರದ ಮಾತು ಹೇಳುವ ಅರ್ಥಧಾರಿ ಎಷ್ಟೇ ದೊಡ್ಡವರಿರಲಿ, ವಾದ ಬೆಳೆದು ಪ್ರಸಂಗ ನಿಂತುಬಿಟ್ಟರೆ ಹಾಡುವ ಭಾಗವತರು ಮುಂದಿನ ಪದ ಎತ್ತುತ್ತಾರೆ. ಯಾರಿಗೂ ಬೈದ ಹಾಗಿಲ್ಲ, ಕಥೆ ಮುಂದೆ ಹೋಯಿತು. ಅಧ್ಯಕ್ಷರ ಕೆಲಸ ಭಾಗವತರದ್ದೇ. ಅವರು ತಾವೇ ಅರ್ಥ ಹೇಳಲು ಕುಳಿತರೆ ಕೆಟ್ಟಿತು. ನಮ್ಮಲ್ಲಿ ಎಷ್ಟೋ ಅಧ್ಯಕ್ಷರು ಪ್ರತಿ ಟೀಕೆಗೂ ತಾವೇ ಉತ್ತರ ಕೊಡುತ್ತಾರೆ. ಆಗ ಸಭೆ ಅಧ್ಯಕ್ಷರು ಮತ್ತು ಒಬ್ಬ ಸದಸ್ಯರ ನಡುವಿನ ಜಗಳವಾಗುತ್ತದೆ, ಉಳಿದವರು ಫೋನ್ ನೋಡುತ್ತಾರೆ.

ಈ ಮಾತುಗಳನ್ನು ಅಭ್ಯಾಸ ಮಾಡಿಟ್ಟುಕೊಳ್ಳಿ.

ವಿಷಯ ಬಿಟ್ಟು ಹೋದಾಗ: "ಇದು ಬೇಕಾದ ಮಾತೇ, ಆದರೆ ಈ ಪ್ರಶ್ನೆಗೆ ಸೇರಿದ್ದಲ್ಲ. ಇತರ ವಿಷಯದಲ್ಲಿ ಬರೆದುಕೊಂಡಿದ್ದೇವೆ." ಹೇಳುತ್ತಾ ಗೋಡೆಗೆ ಅಂಟಿಸಿದ ದೊಡ್ಡ ಹಾಳೆಯಲ್ಲಿ ಎಲ್ಲರ ಎದುರೇ ಬರೆಯಿರಿ. ಬರೆದದ್ದು ಕಣ್ಣಿಗೆ ಕಂಡರೆ ಹೇಳಿದವರಿಗೆ ಸಮಾಧಾನ. ಸುಮ್ನೆ ಬಾಯಲ್ಲಿ "ಆಮೇಲೆ ನೋಡುವ" ಎಂದರೆ ಯಾರೂ ನಂಬುವುದಿಲ್ಲ.

ಹೇಳಿದ್ದನ್ನೇ ಹೇಳಿದಾಗ: "ನೀವು ಹೇಳಿದ್ದು ಇದು ಅಲ್ವಾ?" ಎಂದು ಅವರ ಮಾತನ್ನು ಒಂದೇ ಸಾಲಿನಲ್ಲಿ ತಿರುಗಿಸಿ ಹೇಳಿ, "ಇದಕ್ಕೆ ಸೇರಿಸುವಂಥದ್ದು ಏನಾದರೂ ಉಂಟಾ?" ಎಂದು ಕೇಳಿ. ಸೇರಿಸಲು ಇದ್ದರೆ ಹೇಳುತ್ತಾರೆ. ಇಲ್ಲದಿದ್ದರೆ ತಾವಾಗಿ ಕುಳಿತುಕೊಳ್ಳುತ್ತಾರೆ.

ವ್ಯಕ್ತಿಯ ಮೇಲೆ ಹೋದಾಗ: "ಯಾರು ಮಾಡಿದರು ಎಂಬುದು ಬೇಡ, ಏನು ಆಗಬೇಕು ಹೇಳಿ." ಇದನ್ನು ಕೂಡಲೇ ಹೇಳಬೇಕು. ಎರಡು ವಾಕ್ಯ ಬಿಟ್ಟು ಹೇಳಿದರೆ ಎದುರಿನವರು ಆಗಲೇ ಎದ್ದು ನಿಂತಿರುತ್ತಾರೆ.

ನಾಲ್ಕು ಜನ ಒಂದೇ ಮಾತು ಹೇಳುವಾಗ: "ಇದೇ ಅಭಿಪ್ರಾಯ ಇರುವವರು ಕೈ ಎತ್ತಿ." ಎಣಿಸಿ, ಸಂಖ್ಯೆ ಗಟ್ಟಿಯಾಗಿ ಹೇಳಿ, ಬರೆಯಿರಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. 2007ರಲ್ಲಿ ಪ್ರಕಟವಾದ ಒಂದು ಮನೋವಿಜ್ಞಾನದ ಅಧ್ಯಯನದಲ್ಲಿ ಕಂಡದ್ದು: ಒಬ್ಬನೇ ವ್ಯಕ್ತಿ ಒಂದು ಅಭಿಪ್ರಾಯವನ್ನು ಹಲವು ಸಲ ಹೇಳಿದರೆ, ಕೇಳುವವರಿಗೆ ಅದು ಬಹಳ ಜನರ ಅಭಿಪ್ರಾಯ ಎಂದೇ ಅನ್ನಿಸತೊಡಗುತ್ತದೆ. ಒಬ್ಬರೇ ಹೇಳುತ್ತಿದ್ದಾರೆ ಎಂದು ಕಣ್ಣಿಗೆ ಕಾಣುತ್ತಿದ್ದರೂ ಹಾಗೆ. "ಎಲ್ಲರೂ ಕಮಿಟಿ ಮೇಲೆ ಸಿಟ್ಟಾಗಿದ್ದಾರೆ" ಎಂಬ ಭಾವನೆ ಎಷ್ಟೋ ಸಲ ಇಬ್ಬರ ದನಿಯಿಂದ ಹುಟ್ಟಿರುತ್ತದೆ. ಕೈ ಎಣಿಸಿದರೆ ಎರಡೋ ಇಪ್ಪತ್ತೆರಡೋ ಗೊತ್ತಾಗುತ್ತದೆ. ಇಪ್ಪತ್ತೆರಡಾದರೆ ಕಮಿಟಿಗೂ ಅದು ಗೊತ್ತಾಗಬೇಕು.

ಸುಮ್ಮನೆ ಕುಳಿತವರನ್ನೂ ಕರೆಯಬೇಕು. ಹೆಂಗಸರು, ಬಾಡಿಗೆಯವರು, ಹೊಸದಾಗಿ ಬಂದ ಚಿಕ್ಕ ವಯಸ್ಸಿನವರು ತಾವಾಗಿ ಎದ್ದು ಮಾತಾಡುವುದು ಕಡಿಮೆ. ಮುಖ್ಯ ಪ್ರಶ್ನೆಗೆ ಮೊದಲು ಎಲ್ಲರಿಗೂ ಒಂದು ಚೀಟಿ ಕೊಟ್ಟು ಮೂರು ನಿಮಿಷ ಬರೆಯಲು ಬಿಡಿ. ಚೀಟಿಗಳನ್ನು ಓದಿ ಹೇಳಿದ ಮೇಲೆ ಚರ್ಚೆ ಶುರು ಮಾಡಿ. ಬರೆದದ್ದು ಓದಿ ಆಗಿರುವುದರಿಂದ ಅದನ್ನೇ ಮತ್ತೆ ಹೇಳಲು ಯಾರಿಗೂ ಅಷ್ಟು ಹುಮ್ಮಸ್ಸು ಇರುವುದಿಲ್ಲ.

ಹಂತ 6: ಯಾಕೆ ಮತ್ತೆ ಹೇಳುತ್ತಿದ್ದಾರೆ ಎಂದು ತಿಳಿಯಿರಿ

ಒಂದೇ ದೂರನ್ನು ಎತ್ತುವವರೆಲ್ಲ ಒಂದೇ ಬಗೆಯವರಲ್ಲ.

ಕೆಲವರಿಗೆ ಉತ್ತರವೇ ಸಿಕ್ಕಿಲ್ಲ. ಅವರಿಗೆ ಪುಸ್ತಕದ ಪುಟ ಸಾಕು.

ಕೆಲವರು ಹೊಸಬರು. ಕಳೆದ ತಿಂಗಳು ಫ್ಲ್ಯಾಟ್ ತೆಗೆದುಕೊಂಡವರಿಗೆ ಪೇಂಟಿನ ಪುರಾಣ ಗೊತ್ತಿಲ್ಲ. ಅವರ ಪ್ರಶ್ನೆ ನಿಮಗೆ ನೂರನೆಯದು, ಅವರಿಗೆ ಮೊದಲನೆಯದು. "ಇದನ್ನು ಆಗಲೇ ಹೇಳಿ ಆಯ್ತು" ಎಂದು ಹಾರಿಸಿದರೆ ಒಬ್ಬ ಹೊಸ ವಿರೋಧಿ ತಯಾರಾದ ಹಾಗೆ. ಹಳೇ ನಡಾವಳಿಯ ಪ್ರತಿ ಕೊಟ್ಟು, ಪಕ್ಕದ ಮನೆಯವರಿಗೆ ವಿವರಿಸಲು ಹೇಳಿ.

ಇನ್ನು ಕೆಲವರದ್ದು ಹಳೇ ನೋವು. ಪೇಂಟು ನೆಪ ಮಾತ್ರ. ಯಾವಾಗಲೋ ಕಮಿಟಿಯವರು ಅವರ ಮಾತು ತಳ್ಳಿ ಹಾಕಿದ್ದಿರಬಹುದು, ಮಗನ ಬೈಕಿಗೆ ಜಾಗ ಕೊಡದೇ ಇದ್ದಿರಬಹುದು. ಇದನ್ನು ಮಹಾಸಭೆಯಲ್ಲಿ ಬಗೆಹರಿಸಲು ಆಗುವುದಿಲ್ಲ. ಸಭೆಯ ಹಿಂದಿನ ವಾರ ಅವರ ಮನೆಗೆ ಹೋಗಿ. ಕಮಿಟಿಯ ಐದು ಜನ ಒಟ್ಟಿಗೆ ಹೋಗಬೇಡಿ, ಅದು ದಂಡು ಹೋದ ಹಾಗೆ ಕಾಣುತ್ತದೆ. ಅವರಿಗೆ ಸಲುಗೆ ಇರುವ ಒಬ್ಬರು ಹೋಗಲಿ. ಚಾ ಕುಡಿದು, "ಅಣ್ಣ, ಸಭೆಯಲ್ಲಿ ನಿಮಗೆ ಏನು ಕೇಳಬೇಕು ಹೇಳಿ, ಉತ್ತರ ತಯಾರಿ ಮಾಡಿಕೊಂಡು ಬರ್ತೇನೆ" ಎಂದರೆ ಸಾಕು. ಹೆಚ್ಚಿನವರು ಅಲ್ಲೇ ಹೇಳಿ ಹಗುರಾಗುತ್ತಾರೆ. ಅಲ್ಲಿಗೂ ನಿಲ್ಲದಿದ್ದರೆ, ಅವರು ಒಳ್ಳೆಯ ಕೆಲಸಗಾರರಾಗಿದ್ದರೆ, ಆ ವಿಷಯದ ಉಪಸಮಿತಿಗೇ ಸೇರಿಸಿ. ಮುಂದಿನ ಪೇಂಟಿನ ಕೊಟೇಶನ್ ಅವರೇ ತರಲಿ. ಬಾಯಿ ಮುಚ್ಚಿಸುವ ಲಂಚವಾಗಿ ಇದನ್ನು ಮಾಡಬೇಡಿ, ಜನಕ್ಕೆ ಗೊತ್ತಾಗುತ್ತದೆ.

ಕೊನೆಗೆ ಒಂದಿಬ್ಬರು ಉಳಿಯುತ್ತಾರೆ. ಉತ್ತರ ಕೊಟ್ಟಾಗಿದೆ, ಮನೆಗೂ ಹೋಗಿ ಆಗಿದೆ, ಆದರೂ ಮೈಕ್ ಬಿಡುವುದಿಲ್ಲ. ಇವರಿಗೆ ನಿಯಮವೇ ಮದ್ದು. "ನಿಮ್ಮ ಎರಡು ಸರದಿ ಆಯಿತು. ದೂರು ಇಂಥ ಪುಟದಲ್ಲಿದೆ. ಮುಂದಿನ ಪ್ರಶ್ನೆ." ದನಿ ಏರಿಸಬೇಡಿ, ವಿವರಣೆ ಕೊಡಬೇಡಿ, ನಗಬೇಡಿ. ನಕ್ಕರೆ ಅದೇ ಇನ್ನೊಂದು ದೂರು.

ಒಂದು ಎಚ್ಚರ. ಮಾತು ಮರುಕಳಿಸುವುದು ಬೇರೆ, ತೊಂದರೆಯೇ ಮರುಕಳಿಸುವುದು ಬೇರೆ. ಮೇಲಿನ ಮಾಳಿಗೆಯವರ ಸೀಲಿಂಗ್ ಪ್ರತಿ ಜೂನ್‌ನಲ್ಲಿ ಸೋರುತ್ತಿದ್ದರೆ ಅವರು ಪ್ರತಿ ಜುಲೈಯಲ್ಲಿ ಹೇಳುವುದು ಪುನರಾವರ್ತನೆ ಅಲ್ಲ. ಅದು ಹೊಸ ಮಳೆ, ಹೊಸ ಸೋರಿಕೆ. "ಕಳೆದ ವರ್ಷವೂ ಹೇಳಿದ್ರಲ್ಲ" ಎಂದು ಅವರಿಗೆ ಹೇಳುವ ಅಧ್ಯಕ್ಷರು ಆ ಮನೆಯ ಬಕೆಟ್ ಒಮ್ಮೆ ನೋಡಿ ಬರಬೇಕು. ಪುಸ್ತಕದಲ್ಲಿ ಒಂದೇ ದೂರು ಮೂರು ಮಳೆಗಾಲದ ತಾರೀಕಿನಲ್ಲಿ ಕಂಡರೆ ಅದನ್ನು ಮುಂದಿನ ಅಜೆಂಡಾದ ಮೊದಲ ಪ್ರಶ್ನೆ ಮಾಡಿ.

ಹಂತ 7: ನಿರ್ಣಯ ಮಾಡಿ, ಓದಿ, ಮುಚ್ಚಿ

ಚರ್ಚೆ ಸಾಕು ಅನ್ನಿಸಿದಾಗ ಕಾರ್ಯದರ್ಶಿ ನಿರ್ಣಯವನ್ನು ಅಲ್ಲೇ ಬರೆದು ಓದಬೇಕು. ಸೂಚಕರು ಯಾರು, ಅನುಮೋದಕರು ಯಾರು, ಪರ ಎಷ್ಟು, ವಿರೋಧ ಎಷ್ಟು. "ಎಲ್ಲರೂ ಒಪ್ಪಿದ್ದಾರೆ" ಎಂದು ಅಂದಾಜಿನಲ್ಲಿ ಬರೆಯಬೇಡಿ. ಒಪ್ಪದವರು ಒಬ್ಬರಿದ್ದರೂ ಆ ಸಾಲು ಮುಂದಿನ ವರ್ಷದ ಜಗಳ.

ಮುಗಿದದ್ದನ್ನು ಮತ್ತೆ ತೆರೆಯುವುದಕ್ಕೂ ಮೊದಲೇ ನಿಯಮ ಮಾಡಿ. ಲೋಕಸಭೆಯ ನಿಯಮ 338ರಂತೆ, ಒಂದು ಅಧಿವೇಶನದಲ್ಲಿ ತೀರ್ಮಾನವಾದ ಪ್ರಶ್ನೆಯನ್ನೇ ಹೋಲುವ ಪ್ರಸ್ತಾಪವನ್ನು ಅದೇ ಅಧಿವೇಶನದಲ್ಲಿ ತರುವಂತಿಲ್ಲ. ರಾಬರ್ಟ್‌ನ ನಿಯಮ ಇನ್ನೂ ಚಂದ: ತೀರ್ಮಾನವನ್ನು ಮರುಪರಿಶೀಲಿಸಿ ಎಂದು ಕೇಳುವವರು ಗೆದ್ದ ಕಡೆಗೆ ಮತ ಹಾಕಿದವರೇ ಆಗಿರಬೇಕು. ಅಂದರೆ ಸೋತವರು ಅದನ್ನೇ ಎಳೆಯುತ್ತಾ ಇರಲು ಆಗುವುದಿಲ್ಲ, ಆದರೆ ಗೆದ್ದವರಲ್ಲಿ ಒಬ್ಬರ ಮನಸ್ಸು ಬದಲಾಗಿದ್ದರೆ ದಾರಿ ಇದೆ. ಫ್ಲ್ಯಾಟ್ ಸಂಘಕ್ಕೆ ನಾನು ಸಲಹೆ ಕೊಡುವುದು ಸರಳವಾದದ್ದು: ಹೊಸ ಅಂಕಿಯೋ ಹೊಸ ಘಟನೆಯೋ ಇದ್ದರೆ, ಅಥವಾ ಹತ್ತರಲ್ಲಿ ಒಂದು ಮನೆಯವರ ಸಹಿ ಇದ್ದರೆ ತೆರೆಯಿರಿ. ಇಲ್ಲದಿದ್ದರೆ ಒಂದು ವರ್ಷ ಬೇಡ.

"ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು" ಎಂಬ ಕೊನೆಯ ಸಾಲಿಗೆ ಇಪ್ಪತ್ತು ನಿಮಿಷ ಕಡ್ಡಾಯ ಉಳಿಸಿ. ಗೋಡೆಯ ಹಾಳೆಯಲ್ಲಿ ಬರೆದದ್ದೆಲ್ಲ ಆಗ ಒಂದೊಂದಾಗಿ ಬರಬೇಕು. ಇಲ್ಲಿ ತೀರ್ಮಾನ ಬೇಡ, ಯಾರಿಗೆ ಯಾವ ಕೆಲಸ ಎಂದು ಹಂಚಿದರೆ ಸಾಕು. ಈ ಇಪ್ಪತ್ತು ನಿಮಿಷವನ್ನು ಊಟದ ಅವಸರದಲ್ಲಿ ನುಂಗಿದರೆ ಹಾಳೆಯ ಮೇಲೆ ಮುಂದಿನ ಸಲ ಯಾರಿಗೂ ನಂಬಿಕೆ ಇರುವುದಿಲ್ಲ.

ಹಂತ 8: ನಡಾವಳಿ ಮೂರು ದಿನದೊಳಗೆ

ಮೂರು ದಿನ ಕಳೆದರೆ ಪ್ರತಿಯೊಬ್ಬರ ತಲೆಯಲ್ಲೂ ಬೇರೆ ಸಭೆ ನಡೆದಿರುತ್ತದೆ. ಎರಡು ಪುಟ ಮೀರದಂತೆ ಬರೆಯಿರಿ. ಪ್ರಶ್ನೆ, ಪರ ವಿರೋಧದ ಮುಖ್ಯ ಕಾರಣಗಳು, ತೀರ್ಮಾನ, ಹೊಣೆ ಯಾರದ್ದು, ತಾರೀಕು. ಯಾರು ಯಾರಿಗೆ ಏನು ಬೈದರು ಎಂಬುದು ಬೇಡ. ಆದರೆ ಟೀಕೆಯನ್ನು ಪೂರ್ತಿ ತೊಳೆದು ಹಾಕಬೇಡಿ. "ಮೀಟರ್ ಖರ್ಚು ಬಾಡಿಗೆಯವರ ಮೇಲೆ ಬೀಳುತ್ತದೆ ಎಂಬ ಆಕ್ಷೇಪ ಬಂತು" ಎಂದು ಬರೆದರೆ ಆಕ್ಷೇಪಿಸಿದವರು ತಮ್ಮ ಮಾತನ್ನು ಓದಿ ಸುಮ್ಮನಾಗುತ್ತಾರೆ. ಕಾಣದಿದ್ದರೆ ಅದನ್ನು ಬರೆಸಲಿಕ್ಕಾಗಿಯೇ ಮುಂದಿನ ಸಭೆಗೆ ಬರುತ್ತಾರೆ.

ಟೀಕೆ ನಿಮ್ಮ ಮೇಲೆಯೇ ಇದ್ದರೆ

ಮೇಲಿನ ಎಲ್ಲ ಉಪಾಯಗಳನ್ನೂ ಒಬ್ಬ ಕೆಟ್ಟ ಅಧ್ಯಕ್ಷ ತನ್ನ ರಕ್ಷಣೆಗೆ ಬಳಸಬಹುದು. ಲೆಕ್ಕ ಕೇಳಿದವರಿಗೆ "ವಿಷಯಾಂತರ" ಎನ್ನುವುದು, ಎರಡು ಸರದಿ ಆಯಿತು ಎಂದು ಕೂರಿಸುವುದು, "ಪುಸ್ತಕದಲ್ಲಿ ಬರೆಯಿರಿ" ಎಂದು ಕಳಿಸುವುದು. ಇಂಥ ಸಂಘಗಳೂ ನಮ್ಮ ನಡುವೆ ಬೇಕಾದಷ್ಟಿವೆ.

ಹಾಗಾಗಿ ಇದನ್ನೂ ನಿಯಮದಲ್ಲೇ ಸೇರಿಸಿ. ದೂರು ಅಧ್ಯಕ್ಷರ ಅಥವಾ ಕೋಶಾಧಿಕಾರಿಯ ಕೆಲಸದ ಮೇಲಿದ್ದರೆ, ಆ ಪ್ರಶ್ನೆ ಮುಗಿಯುವವರೆಗೆ ಅಧ್ಯಕ್ಷರು ಕುರ್ಚಿ ಬಿಟ್ಟು ಸದಸ್ಯರ ಸಾಲಿನಲ್ಲಿ ಕುಳಿತುಕೊಳ್ಳಬೇಕು. ಕಮಿಟಿಯಲ್ಲಿ ಇಲ್ಲದ ಹಿರಿಯರೊಬ್ಬರು ಸಭೆ ನಡೆಸಲಿ. ಅವರು ಯಾರು ಎಂಬುದನ್ನು ಸಭೆಯ ಆರಂಭದಲ್ಲೇ ಹೆಸರಿಸಿ ಇಡಿ, ಜಗಳ ಶುರುವಾದ ಮೇಲೆ ಹುಡುಕಬೇಡಿ. ಅಧ್ಯಕ್ಷರಿಗೂ ಎರಡೇ ಸರದಿ, ಮೂರು ಮೂರು ನಿಮಿಷ. ಬಿಲ್ಲು, ಪಾಸ್‌ಬುಕ್, ಕೊಟೇಶನ್ ಫೈಲು ಮೇಜಿನ ಮೇಲೆ ತೆರೆದಿರಲಿ. ಕೇಳಿದವರು ಎದ್ದು ಬಂದು ನೋಡಲಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುವುದಿದ್ದರೆ ತೆಗೆದುಕೊಳ್ಳಲಿ.